ನಾಲ್ಕು ನಾಮಿನಿ ಹಾಕಿದ ಮೇಲೂ ವಿಲ್ ಯಾಕೆ ಬೇಕು? ಕರಾವಳಿಯ ಮನೆಗಳಿಗೆ ಒಂದು ಲೆಕ್ಕ

2025ರ ಕೊನೆಯ ಎರಡು ತಿಂಗಳಲ್ಲಿ ಒಂದರ ಹಿಂದೆ ಒಂದು ಮೂರು ಸುದ್ದಿ ಬಂದವು. ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಹಾಕಬಹುದು ಎಂದಾಯಿತು. ನವೆಂಬರ್ 19ರಂದು ಸುಪ್ರೀಂ ಕೋರ್ಟ್, ಹೆಂಗಸರು, ಅದರಲ್ಲೂ ಹಿಂದೂ ಹೆಂಗಸರು ತಡಮಾಡದೆ ವಿಲ್ ಬರೆದಿಡಬೇಕು ಎಂದು ತೀರ್ಪಿನಲ್ಲೇ ಮನವಿ ಮಾಡಿತು. ಡಿಸೆಂಬರ್‌ನಲ್ಲಿ ಸಂಸತ್ತು ವಾರಸು ಕಾಯ್ದೆ ತಿದ್ದಿ, ಪ್ರೊಬೇಟ್ (ವಿಲ್ ಅಸಲಿ ಎಂಬ ಕೋರ್ಟಿನ ಮುದ್ರೆ) ಕಡ್ಡಾಯ ಎನ್ನುತ್ತಿದ್ದ ಕಲಂ ಅನ್ನು ತೆಗೆದುಹಾಕಿತು.

ಮೂರನ್ನೂ ಒಟ್ಟಿಗೆ ಓದಿದವರಿಗೆ ತಲೆ ಗಿರ್ರೆಂದಿದ್ದರೆ ಆಶ್ಚರ್ಯವಿಲ್ಲ. ನಾಮಿನಿ ನಾಲ್ವರಿದ್ದರೆ ವಿಲ್ ಯಾಕೆ? ಕೋರ್ಟಿಗೆ ಹೋಗುವುದೇ ಬೇಡ ಎಂದಾದರೆ ವಿಲ್ ಬರೆದು ಪೆಟ್ಟಿಗೆಯಲ್ಲಿ ಇಟ್ಟರೆ ಸಾಕಾ? ಹೆಂಗಸರಿಗೇ ಯಾಕೆ ಬೇರೆ ಬುದ್ಧಿಮಾತು?

ಮಂಗಳೂರು, ಉಡುಪಿ ಕಡೆಯವರಿಗೆ ಗೊಂದಲ ಇನ್ನೂ ಒಂದು ಸುತ್ತು ಜಾಸ್ತಿ. ಇಲ್ಲಿ ಒಂದೇ ಓಣಿಯಲ್ಲಿ ಅಳಿಯಸಂತಾನದ (ತಾಯಿಯ ಕಡೆಯಿಂದ ಮನೆತನ ಎಣಿಸುವವರ) ಮನೆ, ಮಕ್ಕಳಸಂತಾನದ (ತಂದೆಯ ಕಡೆಯಿಂದ ಎಣಿಸುವವರ) ಮನೆ, ಕೆಥೋಲಿಕರ ಮನೆ, ಬ್ಯಾರಿ ಮುಸ್ಲಿಮರ ಮನೆ ಇರುತ್ತವೆ. ವಿಲ್ ಇಲ್ಲದೆ ತೀರಿಹೋದರೆ ನಾಲ್ಕು ಮನೆಗೂ ನಾಲ್ಕು ಬಗೆಯ ಪಾಲು. ವಿಲ್ ಬರೆಯದವರ ಆಸ್ತಿಗೂ ಒಂದು ವಿಲ್ ಇದ್ದೇ ಇರುತ್ತದೆ, ಸರ್ಕಾರ ಅದನ್ನು 1925ರಲ್ಲೋ 1956ರಲ್ಲೋ ಬರೆದಿಟ್ಟಿದೆ. ಅದರಲ್ಲಿ ಏನಿದೆ ಎಂದು ನೋಡಿದವರು ಕಡಿಮೆ. ನೋಡಿದರೆ ಹಲವರಿಗೆ ಒಪ್ಪಿಗೆಯಾಗುವುದು ಕಷ್ಟ.

ನಾಮಿನಿಯ ಕೆಲಸ ಎಷ್ಟು?

ಬ್ಯಾಂಕುಗಳ ತವರು ನಮ್ಮದು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ನಾಟಕ, ವಿಜಯ, ಐದೂ ಹುಟ್ಟಿದ್ದು ಇಲ್ಲೇ. ಹಾಗಾಗಿ ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಲಾಕರ್ ಇಲ್ಲದ ಮನೆ ಇಲ್ಲಿ ಕಡಿಮೆ. ನಾಮಿನಿ ಕಾಲಂ ತುಂಬಿಸಿದರೆ ಎಲ್ಲ ಮುಗಿಯಿತು ಎಂಬ ನಂಬಿಕೆಯೂ ಅಷ್ಟೇ ಗಟ್ಟಿ.

ನಾವಿಲ್ಲದಾಗ ಬಂದ ಕೊರಿಯರ್‌ಗೆ ಪಕ್ಕದ ಮನೆಯವರು ಸಹಿ ಹಾಕಿ ಇಟ್ಟುಕೊಳ್ಳುತ್ತಾರಲ್ಲ, ನಾಮಿನಿಯ ಸ್ಥಾನವೂ ಹೆಚ್ಚುಕಡಿಮೆ ಅದೇ. ಬ್ಯಾಂಕು ಅವರ ಕೈಗೆ ಹಣ ಕೊಟ್ಟು ತನ್ನ ಜವಾಬ್ದಾರಿ ಮುಗಿಸುತ್ತದೆ. ಆ ಹಣ ಕೊನೆಗೆ ಯಾರದ್ದು ಎಂಬುದನ್ನು ವಿಲ್ ಹೇಳಬೇಕು, ವಿಲ್ ಇಲ್ಲದಿದ್ದರೆ ವಾರಸು ಕಾನೂನು ಹೇಳುತ್ತದೆ. 1984ರಲ್ಲಿ ವಿಮೆಯ ಹಣದ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2023ರ ಡಿಸೆಂಬರ್‌ನಲ್ಲಿ ಷೇರುಗಳ ವಿಚಾರದಲ್ಲೂ ಇದನ್ನೇ ಹೇಳಿತು.

ವಿಮೆಗೆ ಮಾತ್ರ 2015ರಲ್ಲಿ ಒಂದು ತಿದ್ದುಪಡಿ ಆಯಿತು. ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರಿಗೇ ಸೇರಬೇಕು ಎಂಬ ಅರ್ಥದ ಮಾತು ಕಾಯ್ದೆಯಲ್ಲಿ ಬಂತು. ಹಾಗಿದ್ದೂ 2025ರಲ್ಲಿ ಕರ್ನಾಟಕ ಹೈಕೋರ್ಟ್, ಉಳಿದ ವಾರಸುದಾರರು ಪಾಲು ಕೇಳಿದರೆ ಹಿಂದೂ ವಾರಸು ಕಾಯ್ದೆಯ ಪ್ರಕಾರವೇ ಹಂಚಬೇಕು ಎಂದಿತು. ಅಂದರೆ ಇಲ್ಲೂ ನಾಮಿನಿಯ ಕೈ ಪೂರ್ತಿ ಗಟ್ಟಿಯಿಲ್ಲ.

ಹಾಗಾದರೆ ನಾಲ್ಕು ನಾಮಿನಿಯಿಂದ ಲಾಭ ಏನು? ವೇಗ. ಠೇವಣಿಗೆ ನಾಲ್ವರ ಹೆಸರು ಹಾಕಿ ಒಬ್ಬೊಬ್ಬರಿಗೆ ಶೇಕಡಾ ಇಷ್ಟು ಎಂದು ಬರೆಯಬಹುದು, ಅಥವಾ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಎಂದು ಸರದಿ ಹಾಕಬಹುದು. ಲಾಕರ್‌ಗೆ ಸರದಿ ಮಾತ್ರ. ರಿಸರ್ವ್ ಬ್ಯಾಂಕಿನ 2025ರ ಸೆಪ್ಟೆಂಬರ್ ನಿರ್ದೇಶನದ ಪ್ರಕಾರ ದಾಖಲೆ ಸರಿಯಿದ್ದರೆ ಬ್ಯಾಂಕು 15 ದಿನದೊಳಗೆ ಹಣ ಕೊಡಬೇಕು. ನಾಮಿನಿ ಇಲ್ಲದಿದ್ದರೂ 15 ಲಕ್ಷ ರೂಪಾಯಿ ತನಕ, ಸಹಕಾರಿ ಬ್ಯಾಂಕಿನಲ್ಲಾದರೆ 5 ಲಕ್ಷದ ತನಕ, ಸರಳ ವಿಧಾನ ಇದೆ. ಆಸ್ಪತ್ರೆ ಬಿಲ್ಲು, ಬೊಜ್ಜದ (ಉತ್ತರಕ್ರಿಯೆಯ) ಖರ್ಚು ಎದುರಿಗಿರುವ ಮನೆಗೆ ಇದು ದೊಡ್ಡ ಅನುಕೂಲವೇ. ಆದರೆ ತೋಟ, ಮನೆ, ಫ್ಲ್ಯಾಟಿನ ಪ್ರಶ್ನೆಗೆ ಇದು ಉತ್ತರವಲ್ಲ. ಪಹಣಿಯಲ್ಲಿ ನಾಮಿನಿ ಕಾಲಂ ಇಲ್ಲ.

ಎದುರುಬದುರು ಎರಡು ಫ್ಲ್ಯಾಟ್

ಉಡುಪಿಯ ಒಂದು ಅಪಾರ್ಟ್‌ಮೆಂಟನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಮೂರನೇ ಮಾಳಿಗೆ, ಎದುರುಬದುರು ಎರಡು ಬಾಗಿಲು. ಎರಡೂ ಕಡೆ ಕೆಲಸಕ್ಕೆ ಹೋಗುವ ಹೆಂಗಸರು. ಇಬ್ಬರೂ ತಮ್ಮ ಸಂಬಳದಲ್ಲೇ ಫ್ಲ್ಯಾಟ್ ಕೊಂಡವರು, ದಾಖಲೆ ಅವರ ಹೆಸರಲ್ಲೇ. ಇಬ್ಬರಿಗೂ ಗಂಡ ಇದ್ದಾರೆ, ತಾಯಿ ಇದ್ದಾರೆ, ಮಕ್ಕಳಿಲ್ಲ. ಇಬ್ಬರೂ ವಿಲ್ ಬರೆದಿಲ್ಲ. ಒಬ್ಬರು ಶಿವಳ್ಳಿ ಬ್ರಾಹ್ಮಣರೋ ಕೊಂಕಣಿ ಸಾರಸ್ವತರೋ, ಅಂದರೆ ಮಕ್ಕಳಸಂತಾನದವರು. ಇನ್ನೊಬ್ಬರು ಬಂಟರೋ ಬಿಲ್ಲವರೋ ಮೊಗವೀರರೋ, ಅಳಿಯಸಂತಾನದವರು.

ಮೊದಲನೆಯವರು ತೀರಿಹೋದರೆ ಫ್ಲ್ಯಾಟ್ ಪೂರ್ತಿ ಗಂಡನಿಗೆ. ತಾಯಿಗೆ ಏನೂ ಇಲ್ಲ. ಹಿಂದೂ ವಾರಸು ಕಾಯ್ದೆಯ 15ನೇ ಕಲಂ ಹೇಳುವುದು ಹೀಗೆ: ಹೆಂಗಸು ವಿಲ್ ಇಲ್ಲದೆ ಸತ್ತರೆ ಮೊದಲು ಮಕ್ಕಳು ಮತ್ತು ಗಂಡ, ಅವರಿಲ್ಲದಿದ್ದರೆ ಗಂಡನ ವಾರಸುದಾರರು, ಅದಾದ ಮೇಲೆ ಹೆತ್ತವರು.

ಎದುರು ಬಾಗಿಲಿನವರು ತೀರಿಹೋದರೆ ಫ್ಲ್ಯಾಟ್ ಪೂರ್ತಿ ತಾಯಿಗೆ. ಗಂಡನಿಗೆ ಏನೂ ಇಲ್ಲ. ಯಾಕೆಂದರೆ ಅದೇ ಕಾಯ್ದೆಯ 17ನೇ ಕಲಂ, ಅಳಿಯಸಂತಾನ ಕಟ್ಟುಪಾಡಿಗೆ ಸೇರಿದ್ದವರಿಗೆ ಬೇರೆ ಸರದಿ ಇಟ್ಟಿದೆ. ಅಲ್ಲಿ ಮೊದಲು ಮಕ್ಕಳು ಮತ್ತು ತಾಯಿ. ಆಮೇಲೆ ತಂದೆ ಮತ್ತು ಗಂಡ. ಆಮೇಲೆ ತಾಯಿಯ ವಾರಸುದಾರರು, ತಂದೆಯ ವಾರಸುದಾರರು. ಗಂಡನ ಕಡೆಯವರು ಕಟ್ಟಕಡೆಗೆ.

ಈಗ ಇದೇ ಮನೆಗಳಲ್ಲಿ ಗಂಡ ಮೊದಲೇ ತೀರಿಹೋಗಿದ್ದಾರೆ ಎಂದುಕೊಳ್ಳಿ. ಮೊದಲ ಫ್ಲ್ಯಾಟ್ ಗಂಡನ ತಾಯಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಮಾವನಿಗೆ, ಆಮೇಲೆ ಭಾವ, ಮೈದುನ, ನಾದಿನಿಯರಿಗೆ. ಸಾಕಿ ಓದಿಸಿದ ತಾಯಿ ಬಾಗಿಲ ಹೊರಗೆ. ಎದುರು ಫ್ಲ್ಯಾಟ್‌ನಲ್ಲಿ ತಾಯಿಗೇ ಎಲ್ಲ.

ಮಕ್ಕಳಿದ್ದರೆ? ಗಂಡ, ಇಬ್ಬರು ಮಕ್ಕಳು, ತಾಯಿ ಇದ್ದಾರೆ ಎನ್ನಿ. ಮೊದಲ ಮನೆಯಲ್ಲಿ ಗಂಡ ಮತ್ತು ಮಕ್ಕಳಿಗೆ ಮೂರು ಸಮಪಾಲು. ಎದುರು ಮನೆಯಲ್ಲಿ ಮಕ್ಕಳು ಮತ್ತು ಅಜ್ಜಿಗೆ ಮೂರು ಸಮಪಾಲು. ಜೊತೆಯಲ್ಲಿ ನಿಂತು ಮನೆ ನಡೆಸಿದ ಗಂಡ ಆ ಮನೆಯಲ್ಲಿ ಪಾಲುದಾರನೇ ಅಲ್ಲ. ಮುಂದೆ ಅಜ್ಜಿ ಕೂಡ ವಿಲ್ ಇಲ್ಲದೆ ಹೋದರೆ ಅವರ ಮೂರನೇ ಒಂದು ಪಾಲು ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ಅಂದರೆ ಸೋದರಮಾವಂದಿರು, ಚಿಕ್ಕಮ್ಮಂದಿರು ಆ ಫ್ಲ್ಯಾಟಿನಲ್ಲಿ ಸಣ್ಣ ಸಣ್ಣ ಪಾಲು ಪಡೆಯುತ್ತಾರೆ. ಮಾರಬೇಕಾದರೆ ಮುಂಬೈಯಿಂದ ಒಂದು ಸಹಿ, ಮಸ್ಕತ್‌ನಿಂದ ಒಂದು ಸಹಿ ಬೇಕು. ಯಾರೂ ಕೆಟ್ಟವರಾಗಿರಬೇಕಿಲ್ಲ. ಒಬ್ಬರ ಪವರ್ ಆಫ್ ಅಟಾರ್ನಿ ರಾಯಭಾರ ಕಚೇರಿಯಿಂದ ಬರುವುದು ತಡವಾದರೂ ಸಾಕು, ಮಾರಾಟ ನಿಂತುಬಿಡುತ್ತದೆ.

ಅಳಿಯಸಂತಾನ ಹೋಗಿ ಕಾಲವಾಯಿತು, ಈಗ ಎಲ್ಲರಿಗೂ ಒಂದೇ ಕಾನೂನು ಎಂದು ಬಲ್ಲವರೂ ಹೇಳುವುದುಂಟು. ಅರ್ಧ ಸರಿ. ಆಸ್ತಿ ಮಾವನಿಂದ ಅಳಿಯನಿಗೆ ಹೋಗುವ ಪದ್ಧತಿ ಕಾನೂನಿನ ಬಲ ಕಳೆದುಕೊಂಡದ್ದು 1956ರಲ್ಲಿ. ಆದರೆ ಹೆಂಗಸಿನ ಆಸ್ತಿಯ ವಿಚಾರದಲ್ಲಿ ಹಳೇ ಕಟ್ಟಿನ ನೆರಳು 17ನೇ ಕಲಂನಲ್ಲಿ ಇವತ್ತಿಗೂ ಇದೆ. ಬೆಂಗಳೂರಿನ ವಕೀಲರೊಬ್ಬರು ಯೂಟ್ಯೂಬಿನಲ್ಲಿ ಹೇಳಿದ ಲೆಕ್ಕ ಬಂಟ್ವಾಳದ ಮನೆಗೆ ಹೊಂದದೇ ಇರುವುದು ಇದೇ ಕಾರಣಕ್ಕೆ.

ಸುಪ್ರೀಂ ಕೋರ್ಟ್ ಹೇಳಿದ್ದು, ಬಿಟ್ಟಿದ್ದು

ನವೆಂಬರ್ 19ರ ಪ್ರಕರಣದಲ್ಲಿ ಪ್ರಶ್ನೆಯಾಗಿದ್ದು ಮೊದಲ ಫ್ಲ್ಯಾಟಿನ ಸಂಕಟವೇ. ದುಡಿದ ಹೆಂಗಸಿನ ಸ್ವಯಾರ್ಜಿತ ಆಸ್ತಿ ಹೆತ್ತವರನ್ನು ದಾಟಿ ಗಂಡನ ಕಡೆಗೆ ಹೋಗುವುದು ಸಮಾನತೆಗೆ ವಿರುದ್ಧ ಅಲ್ಲವೇ ಎಂದು ಅರ್ಜಿದಾರರು ಕೇಳಿದ್ದರು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಪೀಠ ಕಲಂ ಸರಿಯೋ ತಪ್ಪೋ ಎಂದು ತೀರ್ಮಾನಿಸಲಿಲ್ಲ. ನೇರವಾಗಿ ತೊಂದರೆಗೊಳಗಾದವರು ಬಂದಾಗ ನೋಡೋಣ ಎಂದು ಬಿಟ್ಟಿತು. ಜೊತೆಗೆ ಎರಡು ಮಾತು ಹೇಳಿತು. ಒಂದು, ಹೆಂಗಸರು ವಿಲ್ ಬರೆದಿಡಲಿ. ಇನ್ನೊಂದು, ತೀರಿಹೋದ ಹೆಂಗಸಿನ ಹೆತ್ತವರು ಅಥವಾ ಅವರ ಕಡೆಯವರು ಆಸ್ತಿ ಕೇಳಿದರೆ ದಾವೆ ಹೂಡುವ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು.

ಕಾನೂನು ತಿದ್ದಬೇಕು ಎನ್ನುವವರ ವಾದಕ್ಕೆ ಬಲ ಇಲ್ಲದಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ, ಮದುವೆಯಾಗಿ ಕೆಲವೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸನ್ನು ಗಂಡನ ಮನೆಯವರು ಹೊರಹಾಕಿದ್ದರು. ತವರಿನವರು ಓದಿಸಿದರು, ಆಕೆ ಕೆಲಸಕ್ಕೆ ಸೇರಿ ಹಣ ಕೂಡಿಟ್ಟರು. ವಿಲ್ ಬರೆಯದೆ ತೀರಿಹೋದರು. ಆ ಹಣ ಹೋದದ್ದು ಗಂಡನ ಅಕ್ಕತಂಗಿಯ ಮಕ್ಕಳಿಗೆ. ಕನಿಕರದಿಂದ ಕಾನೂನು ಬದಲಿಸಲು ಆಗುವುದಿಲ್ಲ ಎಂಬುದು ಕೋರ್ಟಿನ ನಿಲುವಾಗಿತ್ತು. ಅದಕ್ಕೂ ಒಂದು ವರ್ಷ ಮೊದಲೇ, 2008ರಲ್ಲಿ, ಕಾನೂನು ಆಯೋಗ ತನ್ನ 207ನೇ ವರದಿಯಲ್ಲಿ ಈ ಕಲಂ ತಿದ್ದಲು ಶಿಫಾರಸು ಮಾಡಿತ್ತು. ತಿದ್ದುಪಡಿ ಆಗಲಿಲ್ಲ.

ಇನ್ನೊಂದು ಪಕ್ಷದವರು, ಕಾಯ್ದೆ ಕುಟುಂಬ ಎಂಬ ವ್ಯವಸ್ಥೆಯನ್ನು ಇಟ್ಟುಕೊಂಡು ಯೋಚಿಸಿ ಬರೆದದ್ದು, ಬೇಡವಾದವರಿಗೆ ವಿಲ್ ದಾರಿ ತೆರೆದೇ ಇದೆಯಲ್ಲ ಎನ್ನುತ್ತಾರೆ. ಈ ವಾದ ಅಷ್ಟು ನ್ಯಾಯವಾದದ್ದಲ್ಲ. ಕಾನೂನಿನ ತಪ್ಪನ್ನು ಸರಿಪಡಿಸುವ ಹೊರೆಯನ್ನು ಒಬ್ಬೊಬ್ಬ ಹೆಂಗಸಿನ ತಲೆಗೆ ಹಾಕಿದಂತಾಯಿತು. ಆದರೆ ಸಂಸತ್ತು ತಿದ್ದುವ ತನಕ ಬೇರೆ ದಾರಿ ಇಲ್ಲ ಎಂಬುದೂ ಅಷ್ಟೇ ನಿಜ.

ಗಂಡಸರ ಲೆಕ್ಕದಲ್ಲೂ ಒಂದು ಮರೆತ ಪಾಲು

ಹಿಂದೂ ಗಂಡಸು ವಿಲ್ ಇಲ್ಲದೆ ಹೋದರೆ ಎಲ್ಲ ಹೆಂಡತಿಗೆ ಎಂದುಕೊಂಡವರು ಬಹಳ. ಹಾಗಿಲ್ಲ. ಹೆಂಡತಿ, ಮಕ್ಕಳು, ತಾಯಿ, ಇಷ್ಟು ಜನಕ್ಕೆ ಸಮಪಾಲು. ತಂದೆಗೆ ಈ ಸಾಲಿನಲ್ಲಿ ಜಾಗ ಇಲ್ಲ. ಮಗ, ಮಗಳು ಎಂಬ ಭೇದವೂ ಇಲ್ಲ. ಕುಂದಾಪುರದಲ್ಲಿ ಮನೆ ಕಟ್ಟಿದವರೊಬ್ಬರು ಹೆಂಡತಿ, ಇಬ್ಬರು ಮಕ್ಕಳು, ತಾಯಿಯನ್ನು ಬಿಟ್ಟು ಹೋದರೆ ಹೆಂಡತಿಯ ಪಾಲು ನಾಲ್ಕರಲ್ಲಿ ಒಂದು. ಮಕ್ಕಳು ಚಿಕ್ಕವರಾಗಿದ್ದರೆ ಇನ್ನೊಂದು ಗಂಟು. ಅಪ್ರಾಪ್ತ ಮಕ್ಕಳ ಪಾಲಿಗೆ ಬಂದ ಸ್ಥಿರಾಸ್ತಿಯನ್ನು ತಾಯಿ ಕೂಡ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ. ವಿಲ್ ಅಂದರೆ ಎಂಬತ್ತು ದಾಟಿದವರ ಕೆಲಸ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಸಾಲ ಮಾಡಿ ಫ್ಲ್ಯಾಟ್ ಕೊಂಡ, ಸಣ್ಣ ಮಕ್ಕಳಿರುವ ಮೂವತ್ತೈದರವರಿಗೇ ಇದರ ಬಿಸಿ ಜಾಸ್ತಿ.

ಪಿತ್ರಾರ್ಜಿತದ ವಿಚಾರ ಬೇರೆ. ಅದರಲ್ಲಿ ತನ್ನ ಪಾಲು ಎಷ್ಟೋ ಅಷ್ಟಕ್ಕೆ ಮಾತ್ರ ವಿಲ್ ಬರೆಯಬಹುದು. ಮಕ್ಕಳಸಂತಾನದ ಮನೆಗಳಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿತು. ತಂದೆ ಅದಕ್ಕೆ ಮೊದಲೇ ತೀರಿಹೋಗಿದ್ದರೂ ಈ ಹಕ್ಕು ಉಂಟು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ಅಥವಾ ಕವರಿನ (ಕುಟುಂಬದೊಳಗಿನ ತಾಯಿ ಕಡೆಯ ಕವಲಿನ) ಅವಿಭಕ್ತ ಆಸ್ತಿಯಲ್ಲಿರುವ ತನ್ನ ಪಾಲಿಗೂ ವಿಲ್ ಬರೆಯಬಹುದು, 30ನೇ ಕಲಂ ಹಾಗೆಂದು ಬಿಡಿಸಿ ಹೇಳಿದೆ. ಆದರೆ ತರವಾಡು ಮನೆಯ ಚಾವಡಿ, ದೈವದ ಕೋಣೆ, ನಾಗಬನ ಒಬ್ಬರ ವಿಲ್‌ನಿಂದ ಒಬ್ಬರದ್ದಾಗುವ ಸೊತ್ತಲ್ಲ. ಗಡಿ ಹಿಡಿಯುವವರು (ಮನೆತನದ ಮುಖ್ಯಸ್ಥರಾಗುವವರು) ಯಾರು ಎಂಬುದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಸಲಿಕ್ಕೆ ಆಗುವುದಿಲ್ಲ, ಅದು ಕುಟುಂಬ ಕೂತು ಮಾತಾಡಬೇಕಾದ ವಿಷಯ.

ಕೆಥೋಲಿಕರಿಗೆ, ಬ್ಯಾರಿಗಳಿಗೆ

ಕ್ರೈಸ್ತರಿಗೆ 1925ರ ಭಾರತೀಯ ವಾರಸು ಕಾಯ್ದೆ. ವಿಲ್ ಇಲ್ಲದಿದ್ದರೆ ಹೆಂಡತಿಗೆ ಅಥವಾ ಗಂಡನಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮನಾಗಿ. ಮಕ್ಕಳಿದ್ದರೆ ಸತ್ತವರ ತಂದೆತಾಯಿಗೆ ಏನೂ ಬರುವುದಿಲ್ಲ. ಮಗ ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಮನೆಯಲ್ಲಿ ಇರುವ ಮುದಿ ತಾಯಿಗೆ ಇದು ಸಣ್ಣ ವಿಷಯವಲ್ಲ.

ಇವರು ಗಮನಿಸಬೇಕಾದದ್ದು ಇನ್ನೂ ಎರಡುಂಟು. ಮದುವೆಯಾದರೆ ಮೊದಲು ಬರೆದ ವಿಲ್ ತಾನಾಗಿಯೇ ರದ್ದಾಗುತ್ತದೆ. ವಿಧುರರು ಎರಡನೇ ಮದುವೆಯಾಗಿ ಹಳೇ ವಿಲ್ ಇದೆಯಲ್ಲ ಎಂದು ಸುಮ್ಮನಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಮತ್ತೆ, ವಿಲ್‌ಗೆ ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಅದೇ ವಿಲ್‌ನಲ್ಲಿ ಕೊಟ್ಟ ಪಾಲು ಸಿಗುವುದಿಲ್ಲ. ಈ ಎರಡು ನಿಯಮ ಹಿಂದೂಗಳಿಗೆ ಅನ್ವಯಿಸುವುದಿಲ್ಲ.

ಮುಸ್ಲಿಮರಿಗೆ ವಸಿಯ್ಯತ್‌ಗೆ, ಅಂದರೆ ವಿಲ್‌ಗೆ, ಮಿತಿ ಇದೆ. ಸಾಲ, ದಫನದ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಬೇಕಾದವರಿಗೆ ಬರೆಯಬಹುದು. ಪಾಲು ಬರುವ ವಾರಸುದಾರರಿಗೇ ವಿಲ್‌ನಲ್ಲಿ ಜಾಸ್ತಿ ಕೊಡಬೇಕಾದರೆ ಉಳಿದ ವಾರಸುದಾರರು ಒಪ್ಪಬೇಕು. ಹೆಣ್ಣುಮಕ್ಕಳು ಮಾತ್ರ ಇರುವ ಮನೆಗಳಲ್ಲಿ ಉಳಿಕೆ ಪಾಲು ಅಣ್ಣತಮ್ಮಂದಿರ ಕಡೆಗೆ ಹೋಗುವುದರಿಂದ, ಬದುಕಿರುವಾಗಲೇ ಹಿಬಾ (ದಾನ) ಮಾಡಿ ಸ್ವಾಧೀನ ಬಿಟ್ಟುಕೊಡುವ ದಾರಿ ಹಿಡಿಯುವವರಿದ್ದಾರೆ.

ಪ್ರೊಬೇಟ್ ಸುದ್ದಿ ಮುಂಬೈಯವರಿಗೆ

ಡಿಸೆಂಬರ್‌ನ ಸುದ್ದಿಯಿಂದ ಇಲ್ಲಿ ಎದ್ದ ಗದ್ದಲ ಸ್ವಲ್ಪ ಅನಗತ್ಯ. ಪ್ರೊಬೇಟ್ ಅಂದರೆ ಈ ವಿಲ್ ಅಸಲಿ ಎಂದು ಕೋರ್ಟ್ ಕೊಡುವ ಮುದ್ರೆ. ಹಿಂದೂಗಳಿಗೆ ಇದು ಕಡ್ಡಾಯ ಇದ್ದದ್ದು ಮುಖ್ಯವಾಗಿ ಮುಂಬೈ, ಚೆನ್ನೈ, ಕೋಲ್ಕತ್ತಗಳಲ್ಲಿ ಬರೆದ ವಿಲ್‌ಗೆ ಅಥವಾ ಅಲ್ಲಿನ ಸ್ಥಿರಾಸ್ತಿಗೆ. ದಕ್ಷಿಣ ಕನ್ನಡ ಒಂದು ಕಾಲದಲ್ಲಿ ಮದ್ರಾಸಿಗೆ ಸೇರಿದ್ದರೂ ಮಂಗಳೂರಿನಲ್ಲಿ ಬರೆದ ಹಿಂದೂ ವಿಲ್‌ಗೆ, ಇಲ್ಲಿನ ಆಸ್ತಿಯ ಮಟ್ಟಿಗೆ, ಪ್ರೊಬೇಟ್ ಕಡ್ಡಾಯ ಇರಲಿಲ್ಲ. ಕ್ರೈಸ್ತರಿಗೆ ಇತ್ತು, 2002ರಲ್ಲಿ ತೆಗೆದರು.

ಲಾಭ ಆಗುವುದು ಮುಂಬೈಯಲ್ಲಿ ಹೋಟೆಲೋ ಫ್ಲ್ಯಾಟೋ ಮಾಡಿಕೊಂಡು, ಊರಲ್ಲಿ ಮನೆ ಇಟ್ಟುಕೊಂಡಿರುವ ತುಳುವರಿಗೆ. ಕಾಂದಿವಲಿಯ ಫ್ಲ್ಯಾಟಿಗಾಗಿ ಹೈಕೋರ್ಟಿಗೆ ಅಲೆಯಲೇಬೇಕು ಎಂಬ ಕಟ್ಟುಪಾಡು ಹೋಯಿತು. ಆದರೆ ಜಗಳ ಬಂದರೆ ವಿಲ್ ಅಸಲಿ ಎಂದು ರುಜುವಾತು ಮಾಡುವ ಹೊರೆ ಹೋಗಲಿಲ್ಲ. ಬೇಕಾದವರು ಈಗಲೂ ಪ್ರೊಬೇಟ್ ಕೇಳಬಹುದು. ದೊಡ್ಡ ಆಸ್ತಿ ಇದ್ದು ಮನೆಯಲ್ಲಿ ಮನಸ್ತಾಪ ಇದ್ದರೆ ಕೇಳುವುದೇ ಒಳ್ಳೆಯದು.

ಗಲ್ಫಿನವರಿಗೆ ಒಂದು ಮಾತು. ಸ್ಥಿರಾಸ್ತಿ ಯಾವ ದೇಶದಲ್ಲಿ ಇದೆಯೋ ಆ ದೇಶದ ಕಾನೂನೇ ಅದಕ್ಕೆ. ಯುಎಇಯಲ್ಲಿ ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಹೊಸ ನಿಯಮ ಬಂದಿದೆ. ವಿಲ್ ಇಲ್ಲದಿದ್ದರೆ ಅರ್ಧ ಸಂಗಾತಿಗೆ, ಅರ್ಧ ಮಕ್ಕಳಿಗೆ. ಎರಡೂ ಕಡೆ ಆಸ್ತಿ ಇದ್ದವರು ಎರಡು ವಿಲ್ ಬರೆಯುವುದಾದರೆ ಒಂದು ಇನ್ನೊಂದನ್ನು ರದ್ದು ಮಾಡದಂತೆ ಮಾತು ಜೋಡಿಸಬೇಕು. ‘ಈ ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ’ ಎಂಬ ಮಾಮೂಲಿ ಸಾಲು ಇಲ್ಲಿ ಕೈಕೊಡುತ್ತದೆ.

ಬದುಕಿರುವಾಗಲೇ ಕೊಟ್ಟರೆ ಆಗದಾ?

ವಿಲ್ ಬೇಡ, ಈಗಲೇ ದಾನಪತ್ರವೋ ಸೆಟ್ಲ್‌ಮೆಂಟೋ ಮಾಡಿಬಿಡೋಣ ಎನ್ನುವವರೂ ಇಲ್ಲಿ ಬಹಳ. ಅವರ ವಾದ ಸುಲಭ: ಸತ್ತ ಮೇಲೆ ಯಾರು ಯಾರ ಕಾಲು ಎಳೆಯುತ್ತಾರೋ, ಕಣ್ಣೆದುರೇ ಮುಗಿದರೆ ಒಳ್ಳೆಯದು. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವೂ ಕಡಿಮೆ.

ತೊಂದರೆ ಇರುವುದು ಹಿಂದೆಗೆಯುವಲ್ಲಿ. ವಿಲ್ಲನ್ನು ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನ ಒಮ್ಮೆ ನೋಂದಣಿಯಾದರೆ ಕೈಬಿಟ್ಟಂತೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟು, ಆಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿ ಮುಂದೆ ರದ್ದತಿ ಕೇಳಬಹುದು. ಆ ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಅದೇ ಕೋರ್ಟ್, ಹಿರಿಯರ ರಕ್ಷಣೆಗಾಗಿ ಬಂದ ಈ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದಿತು. ದಾನ ಮಾಡುವವರು ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಇರುವುದು ಒಂದೇ ಮನೆ, ಅದರಲ್ಲೇ ವಾಸ ಎಂದಾದರೆ ದಾನಕ್ಕಿಂತ ವಿಲ್ಲೇ ಮೇಲು ಎಂಬುದು ನನ್ನ ಅಭಿಪ್ರಾಯ.

ವಿಲ್‌ಗೆ ಎದುರಾಗಿ ಇನ್ನೊಂದು ವಾದ ಇದೆ, ಅದು ಹೆಚ್ಚು ತೂಕದ್ದು. ಕಾನೂನು ಮಗಳಿಗೆ ಸಮಪಾಲು ಕೊಟ್ಟ ಮೇಲೆ ಅದನ್ನು ತಪ್ಪಿಸಲು ವಿಲ್ ಒಂದು ಹತ್ಯಾರವಾಗಿದೆ ಎಂಬುದು. ‘ಮಗಳ ಮದುವೆಗೆ ಖರ್ಚು ಮಾಡಿದ್ದೇನೆ, ಆಕೆಗೆ ಬೇರೆ ಪಾಲು ಇಲ್ಲ’ ಎಂಬ ಸಾಲು ಎಷ್ಟೋ ವಿಲ್‌ಗಳಲ್ಲಿ ಅಚ್ಚೊತ್ತಿದಂತೆ ಬರುತ್ತದೆ. ಸ್ವಯಾರ್ಜಿತದ ಮಟ್ಟಿಗೆ ಕಾನೂನು ಇದನ್ನು ತಡೆಯುವುದಿಲ್ಲ. ಆದರೆ ಹತ್ತಿರದವರನ್ನು ಕಾರಣವಿಲ್ಲದೆ ಹೊರಗಿಟ್ಟ ವಿಲ್ಲನ್ನು ಕೋರ್ಟ್ ಅನುಮಾನದಿಂದ ನೋಡುತ್ತದೆ.

ಕಾಗದ ಎಲ್ಲಿ ಎಡವುತ್ತದೆ

ವಿಲ್‌ಗೆ ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ. ಕನ್ನಡದಲ್ಲೇ, ಬಿಳಿ ಹಾಳೆಯಲ್ಲೇ ಬರೆದರೆ ನಡೆಯುತ್ತದೆ. ಬೇಕಾದದ್ದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಮತ್ತು ಅದನ್ನು ಕಂಡು ಅವರೆದುರೇ ಸಹಿ ಹಾಕಿದ ಇಬ್ಬರು ಸಾಕ್ಷಿಗಳು. ಒಳಗೆ ಏನು ಬರೆದಿದೆ ಎಂದು ಸಾಕ್ಷಿಗಳಿಗೆ ಗೊತ್ತಿರಬೇಕಿಲ್ಲ.

ಎಡವಟ್ಟಾಗುವುದು ಆಮೇಲೆ. ತಕರಾರು ಬಂದರೆ ಸಾಕ್ಷಿಗಳಲ್ಲಿ ಕನಿಷ್ಠ ಒಬ್ಬರನ್ನು ಕೋರ್ಟಿಗೆ ಕರೆಸಬೇಕು, ನೋಂದಣಿಯಾದ ವಿಲ್‌ಗೂ ಇದೇ ನಿಯಮ. ಎಂಬತ್ತರ ಅಜ್ಜ ಎಪ್ಪತ್ತೆಂಟರ ಗೆಳೆಯನ ಸಾಕ್ಷಿ ಹಾಕಿಸಿದರೆ ಆಗುವುದೇನು? ಇವರು ಹೋಗುವಷ್ಟರಲ್ಲಿ ಅವರೂ ಹೋಗಿರುತ್ತಾರೆ. ಕಡಿಮೆ ವಯಸ್ಸಿನ, ಊರಲ್ಲೇ ಇರುವ, ಪಾಲಿಗೆ ಸಂಬಂಧ ಇಲ್ಲದವರು ಸಾಕ್ಷಿಗೆ ಒಳ್ಳೆಯವರು. ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ವಕೀಲರು ಇವತ್ತಿಗೂ ಎತ್ತುತ್ತಾರೆ: ವಿಲ್ ಮಾಡಿಸಲು ಮುಂದೆ ನಿಂತವರಿಗೇ ದೊಡ್ಡ ಪಾಲು ಬಂದಿದ್ದರೆ, ಅನುಮಾನ ಕಳೆಯುವ ಹೊಣೆ ಅವರದ್ದೇ. ಹಾಗಾಗಿ ಮನೆ ಸಿಗುವ ಮಗನೇ ಕಾರಿನಲ್ಲಿ ಕೂರಿ­ಸಿಕೊಂಡು ಹೋಗಿ, ಅವನೇ ಬರಹಗಾರರಿಗೆ ಹೇಳಿ ಬರೆಸುವುದು ಅವನಿಗೇ ತೊಡಕು. ವಯಸ್ಸಾದವರು ಅದೇ ದಿನ ಡಾಕ್ಟರರಿಂದ ಒಂದು ಸರ್ಟಿಫಿಕೇಟ್ ಪಡೆದರೆ ಒಳ್ಳೆಯದು. ಹಾಸಿಗೆ ಹಿಡಿದವರಾದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡುವ ಅವಕಾಶ ಕಾಯ್ದೆಯಲ್ಲಿದೆ.

ಆಸ್ತಿಯ ವಿವರದ ಪಟ್ಟಿಯಲ್ಲಿ ನಮ್ಮ ಕಡೆಯದ್ದೇ ಆದ ತಪ್ಪುಗಳಿವೆ. ‘ವರ್ಗ ಜಾಗ ಮತ್ತು ಅದರ ಕುಮ್ಕಿ ಹಿರಿಯ ಮಗನಿಗೆ’ ಎಂದು ಬರೆಯುತ್ತಾರೆ. ವರ್ಗ ಅಂದರೆ ಸ್ವಂತ ಪಟ್ಟಾ ಜಾಗ. ಕುಮ್ಕಿ ಅದಕ್ಕೆ ತಾಗಿಕೊಂಡ ಸರ್ಕಾರದ ಜಮೀನು. ವರ್ಗದಾರರಿಗೆ ಇರುವುದು ಸೊಪ್ಪು, ಕಟ್ಟಿಗೆ ತೆಗೆಯುವಂಥ ಸವಲತ್ತು ಮಾತ್ರ, ಅದನ್ನು ಸ್ವಂತ ಆಸ್ತಿ ಎಂದು ವಿಲ್‌ನಲ್ಲಿ ಕೊಡಲು ಬರುವುದಿಲ್ಲ. ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ (ಗೇಣಿದಾರರ ಅರ್ಜಿ) ಕೊಟ್ಟು ಸಿಕ್ಕಿದ ಜಾಗದ ಕತೆ ಇನ್ನೂ ಸೂಕ್ಷ್ಮ. ಪಹಣಿಯಲ್ಲಿ ಅಜ್ಜನ ಒಬ್ಬರದೇ ಹೆಸರು ಇರುತ್ತದೆ. ಆದರೆ ಗೇಣಿ ಸಾಗುವಳಿ ಮಾಡಿದ್ದು ಇಡೀ ಮನೆಯವರು, ಅಜ್ಜ ಅರ್ಜಿ ಹಾಕಿದ್ದು ಎಲ್ಲರ ಪರವಾಗಿ ಎಂದು ತೋರಿಸಿದರೆ ಅದು ಕುಟುಂಬದ ಆಸ್ತಿಯಾಗುತ್ತದೆ. ಆಗ ಅಜ್ಜನ ವಿಲ್ ಅವರ ಪಾಲಿಗಷ್ಟೇ ಸೀಮಿತ. ಸರ್ವೆ ನಂಬ್ರ, ಹಿಸ್ಸೆ, ಸೆಂಟ್ಸು, ಚಕ್ಕುಬಂದಿ ಬರೆಯುವ ಮೊದಲು ಆ ಜಾಗ ಹೇಗೆ ಬಂತು ಎಂಬ ಹಳೇ ಕಾಗದ ತೆಗೆದು ನೋಡುವುದು ಇದಕ್ಕೇ.

ತೀರಿಹೋದ ಮೇಲೆ

ಜಮೀನಿನ ಖಾತೆ ಬದಲಾಗಬೇಕಾದರೆ ಮರಣ ಪ್ರಮಾಣಪತ್ರ ಬೇಕು. ವಿಲ್ ಇಲ್ಲದಿದ್ದರೆ ವಂಶವೃಕ್ಷ ಮಾಡಿಸಿ, ಅದರಲ್ಲಿರುವ ಎಲ್ಲ ವಾರಸುದಾರರ ಹೆಸರಿಗೆ ಪೌತಿ ಖಾತೆ. ಸತ್ತವರ ಹೆಸರಲ್ಲೇ ಉಳಿದ ಪಹಣಿಗಳು ರಾಜ್ಯದಲ್ಲಿ ಎಷ್ಟು ರಾಶಿ ಬಿದ್ದಿವೆ ಎಂದರೆ, ಕಂದಾಯ ಇಲಾಖೆ ಇ-ಪೌತಿ ಎಂಬ ಆಂದೋಲನವನ್ನೇ ಹಮ್ಮಿಕೊಳ್ಳಬೇಕಾಯಿತು. ವಿಲ್ ಇದ್ದರೆ ಅದನ್ನು ಕೊಟ್ಟು ಖಾತೆಗೆ ಅರ್ಜಿ ಹಾಕಬಹುದು. ಆದರೆ ಉಳಿದ ವಾರಸುದಾರರು ತಕರಾರು ಎತ್ತಿದರೆ ಕಂದಾಯ ಕಚೇರಿ ವಿಲ್ ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವಂತಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಸಿಕ್ಕಿತು ಎಂದೂ ಅಲ್ಲ, ಅದು ತೀರ್ವೆ (ಭೂಕಂದಾಯ) ಕಟ್ಟುವವರು ಯಾರು ಎಂಬ ದಾಖಲೆ.

ವಿಲ್ ಎಲ್ಲಿದೆ ಎಂದೇ ಗೊತ್ತಿಲ್ಲದೆ ಒದ್ದಾಡುವ ಮನೆಗಳೂ ಇವೆ. ಲಾಕರಿನಲ್ಲಿಟ್ಟರೆ, ಲಾಕರ್ ತೆರೆಯಲು ಯಾರಿಗೆ ಹಕ್ಕು ಎಂಬುದೇ ಮೊದಲ ತಕರಾರಾಗಬಹುದು. ನೋಂದಣಿ ಮಾಡಿಸಿದ್ದರೆ ಮೂಲ ಕಳೆದರೂ ದೃಢೀಕೃತ ನಕಲು ಸಿಗುತ್ತದೆ. ಬರೆದವರು ಬದುಕಿರುವ ತನಕ ಅವರಿಗೆ ಅಥವಾ ಅವರು ನೇಮಿಸಿದವರಿಗೆ ಮಾತ್ರ ಅದರ ನಕಲು ಕೊಡುತ್ತಾರೆ, ತೀರಿಹೋದ ಮೇಲೆ ಮರಣ ಪ್ರಮಾಣಪತ್ರ ತೋರಿಸಿದ ಯಾರಿಗಾದರೂ. ಹಾಗಾಗಿ ನೋಂದಣಿ ಮಾಡಿಸಿದರೆ ಈಗಲೇ ಮಕ್ಕಳಿಗೆ ಗೊತ್ತಾಗುತ್ತದೆ ಎಂಬ ಅಂಜಿಕೆ ಬೇಡ. ಅದೂ ಬೇಡವೆನ್ನುವವರು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ವಿಲ್‌ನಲ್ಲಿ ನಿರ್ವಾಹಕರು ಎಂದು ಯಾರನ್ನು ಹೆಸರಿಸಿದ್ದೀರೋ ಅವರಿಗೆ ನೋಂದಣಿಯ ನಂಬ್ರ, ತಾರೀಕು, ಕಚೇರಿಯ ಹೆಸರು ತಿಳಿಸಿದ್ದರೆ ಸಾಕು, ಒಳಗೆ ಬರೆದದ್ದು ಹೇಳಬೇಕಿಲ್ಲ.